ಗಿರಣಿಯ ಕಾಯಕದಿಂದ ಗಗನದ ಕಾಯಕಕ್ಕೆ

ಕಾಯಕವೆಂಬ ಮಾತು ಶರಣ ಪರಂಪರೆಯ ಮನೆಗಳಲ್ಲಿ ದಿನವೂ ಕೇಳಿಬರುವ ಮಾತು. ಕದಿರಿನಿಂದ ನೂಲು ತೆಗೆದ ಕದಿರೆ ರೆಮ್ಮವ್ವೆ, ಶಿವಭಕ್ತರ ಮನೆಯಂಗಳ ಗುಡಿಸಿದ ಸತ್ಯಕ್ಕ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿಯನ್ನು ಎಚ್ಚರಿಸಿದ ಆಯ್ದಕ್ಕಿ ಲಕ್ಕಮ್ಮ, ಇವರೆಲ್ಲರೂ ತಮ್ಮ ತಮ್ಮ ಕಾಯಕದಲ್ಲಿ ನಿಂತುಕೊಂಡೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪುರುಷರಿಗೆ ಸರಿಸಮಾನರಾಗಿ ಮಾತನಾಡಿದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಒಮ್ಮೆ ತೆರೆದ ಬಾಗಿಲು ತಾನಾಗಿಯೇ ತೆರೆದುಕೊಂಡಿರುವುದಿಲ್ಲ ಎಂಬ ಕಹಿಸತ್ಯವನ್ನೂ ಅದೇ ಚರಿತ್ರೆ ನಮಗೆ ಕಲಿಸಿದೆ. ಕಲ್ಯಾಣದ ಕ್ರಾಂತಿಯ ಬಳಿಕ ಅಕ್ಕಂದಿರ ದನಿ ಎಷ್ಟು ಶತಮಾನಗಳ ಕಾಲ ಕ್ಷೀಣಿಸಿತ್ತೆಂಬುದನ್ನು ನಾವು ಬಲ್ಲೆವು.

ಇದೇ ಸತ್ಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಮ್ಮೆ ಎತ್ತಿ ತೋರಿಸುವ ಜೀವನವೊಂದಿದೆ. ಅದು ರಷ್ಯಾ ದೇಶದ ಹತ್ತಿ ಗಿರಣಿಯೊಂದರಲ್ಲಿ ಯಂತ್ರದ ಮುಂದೆ ನಿಂತು ದುಡಿದ, ತನ್ನ 26ನೆಯ ವಯಸ್ಸಿನಲ್ಲಿ ಏಕಾಂಗಿಯಾಗಿ ಭೂಮಿಯನ್ನು 48 ಬಾರಿ ಸುತ್ತಿಬಂದ ವ್ಯಾಲೆಂಟಿನಾ ವ್ಲಾಡಿಮಿರೋವ್ನಾ ತೆರೆಷ್ಕೋವಾ ಅವರದು. ಅಂತರಿಕ್ಷಕ್ಕೇರಿದ ಮೊಟ್ಟಮೊದಲ ಮಹಿಳೆ ಎಂದು ಶಾಲಾ ಮಕ್ಕಳೆಲ್ಲ ಅವರ ಹೆಸರನ್ನು ಕಂಠಪಾಠ ಮಾಡಿರುತ್ತಾರೆ. ಆ ಒಂದು ಸಾಲಿನ ಹಿಂದೆ ಮುಂದೆ ಏನಿತ್ತೆಂಬುದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ವೋಲ್ಗಾ ತೀರದ ಬಾಲ್ಯ

ವ್ಯಾಲೆಂಟಿನಾ ಹುಟ್ಟಿದ್ದು 1937ರ ಮಾರ್ಚ್ 6ರಂದು, ಯಾರೋಸ್ಲಾವ್ಲ್ ಪ್ರಾಂತದ ಬೊಲ್ಶೋಯೆ ಮಾಸ್ಲೆನ್ನಿಕೊವೊ ಎಂಬ ಹಳ್ಳಿಯಲ್ಲಿ. ವೋಲ್ಗಾ ನದಿಯ ಸೀಮೆ ಅದು. ತಂದೆ ವ್ಲಾಡಿಮಿರ್ ಟ್ರ್ಯಾಕ್ಟರ್ ಚಾಲಕ. 1939ರ ಚಳಿಗಾಲದಲ್ಲಿ ಫಿನ್ಲೆಂಡಿನೊಡನೆ ಯುದ್ಧ ಆರಂಭವಾದಾಗ ಆತ ಸೈನ್ಯದ ಟ್ಯಾಂಕ್ ದಳಕ್ಕೆ ಸೇರಿ ಹೋದವರು ಮರಳಿ ಬರಲಿಲ್ಲ. ಆಗ ವ್ಯಾಲೆಂಟಿನಾ ಇನ್ನೂ ಎರಡು ವರ್ಷದ ಕೂಸು. ಮೂವರು ಮಕ್ಕಳ ಭಾರ ತಾಯಿ ಎಲೆನಾ ಫ್ಯೊದೊರೊವ್ನಾ ಅವರ ಹೆಗಲೇರಿತು. ಹಿರಿಯವಳು ಲ್ಯುದ್ಮಿಲಾ, ನಡುವಿನವಳು ವ್ಯಾಲೆಂಟಿನಾ, ಕಿರಿಯವನು ತಂದೆಯ ಹೆಸರನ್ನೇ ಹೊತ್ತ ವ್ಲಾಡಿಮಿರ್.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಈ ಸಂಸಾರ ಯಾರೋಸ್ಲಾವ್ಲ್ ನಗರಕ್ಕೆ ಬಂದು ನೆಲೆಸಿತು. ತಾಯಿ ಜವಳಿ ಗಿರಣಿಯಲ್ಲಿ ಕೆಲಸಕ್ಕೆ ನಿಂತರು. ಗಂಡನಿಲ್ಲದ ಹೆಣ್ಣೊಬ್ಬಳು ಪರಸ್ಥಳದಲ್ಲಿ ದುಡಿದು ಮಕ್ಕಳನ್ನು ಸಾಕುವುದು ಎಂತಹ ತಪಸ್ಸೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ಮುಗಿಸುವ ವಯಸ್ಸಿಗೆ ಮಗಳೂ ದುಡಿಮೆಗೆ ಹೊರಟಳು. 1954ರಲ್ಲಿ ಟೈರ್ ಕಾರ್ಖಾನೆ, ಮರುವರ್ಷ ‘ಕ್ರಾಸ್ನಿ ಪೆರೆಕೊಪ್’ ಎಂಬ ಹತ್ತಿ ಗಿರಣಿ. ಹಗಲು ಯಂತ್ರಗಳ ಸದ್ದಿನ ನಡುವೆ ಹತ್ತಿಯ ಎಳೆಗಳನ್ನು ಹದಗೊಳಿಸುವ ಕೆಲಸ, ಕೆಲಸ ಮುಗಿದ ಮೇಲೆ ಓದು. ಹೀಗೆ ದುಡಿಯುತ್ತಲೇ ಕಲಿತು 1960ರಲ್ಲಿ ಹತ್ತಿ ನೂಲುವಿಕೆಯ ತಂತ್ರಜ್ಞೆಯಾಗಿ ಅವರು ತಾಂತ್ರಿಕ ಶಾಲೆಯಿಂದ ತೇರ್ಗಡೆಯಾದರು. ಬಡತನವನ್ನು ಶಪಿಸುತ್ತ ಕೂಡದೆ, ವಿದ್ಯೆಯನ್ನೂ ಬಿಡದೆ ಸಾಗಿದ ಈ ಆರೇಳು ವರ್ಷಗಳೇ ಮುಂದಿನ ಸಾಧನೆಗೆ ಬುನಾದಿಯಾದವೆಂದು ನಾವು ಭಾವಿಸುತ್ತೇವೆ.

ಆಕಾಶದ ಸೆಳೆತ

ಯಾರೋಸ್ಲಾವ್ಲಿನಲ್ಲಿ ವಿಮಾನ ಕ್ರೀಡೆಗಳ ಸಂಘವೊಂದಿತ್ತು. ಗಿರಣಿಯ ಹುಡುಗಿ ಅಲ್ಲಿಗೆ ಹೋಗಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕುವುದನ್ನು ಕಲಿಯತೊಡಗಿದಳು. ಮೊದಲ ಜಿಗಿತ 1959ರ ಮೇ 21ರಂದು. ಆಗ ಆಕೆಗೆ 22 ವರ್ಷ. ಅಂದು ಕೇವಲ ಹವ್ಯಾಸವಾಗಿದ್ದ ಈ ವಿದ್ಯೆಯೇ ಮುಂದೆ ಅಂತರಿಕ್ಷದ ಬಾಗಿಲನ್ನು ತೆರೆಯುವ ಬೀಗದ ಕೈಯಾಗುವುದೆಂದು ಯಾರು ತಾನೇ ಎಣಿಸಿದ್ದರು?

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಒಂದು ಸುತ್ತು ಸುತ್ತಿ ಬಂದು ಜಗತ್ತನ್ನೇ ಬೆರಗುಗೊಳಿಸಿದರು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಪೈಪೋಟಿ ಬಿರುಸಾಗಿದ್ದ ಕಾಲವದು. ಅಮೆರಿಕದವರಿಗಿಂತ ಮೊದಲು ಸೋವಿಯತ್ ಮಹಿಳೆಯೊಬ್ಬಳು ಮೇಲಕ್ಕೇರಬೇಕೆಂದು ಗಗನಯಾತ್ರಿಗಳ ತರಬೇತಿಯ ಹೊಣೆ ಹೊತ್ತಿದ್ದ ಸೇನಾಧಿಕಾರಿ ನಿಕೊಲಾಯ್ ಕಮಾನಿನ್ ಪಟ್ಟು ಹಿಡಿದರು. ಈ ಯೋಜನೆಗೆ ಸಮಾನತೆಯ ಆದರ್ಶಕ್ಕಿಂತ ದೇಶದ ಪ್ರತಿಷ್ಠೆಯೇ ಹೆಚ್ಚಿನ ಪ್ರೇರಣೆಯಾಗಿತ್ತೆಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಮುಂದೆ ನಡೆದುದಕ್ಕೆಲ್ಲ ಮೂಲವಿರುವುದು ಅಲ್ಲಿಯೇ.

ಆಯ್ಕೆಯ ನಿಯಮಗಳು ಹೀಗಿದ್ದವು: ವಯಸ್ಸು 30ರೊಳಗಿರಬೇಕು, ಎತ್ತರ 170 ಸೆಂಟಿಮೀಟರ್ ಮೀರಬಾರದು, ತೂಕ 70 ಕಿಲೋಗ್ರಾಮ್ ದಾಟಬಾರದು, ಪ್ಯಾರಾಚೂಟ್ ಜಿಗಿತ ಬಲ್ಲವಳಾಗಿರಬೇಕು. ಪ್ಯಾರಾಚೂಟಿಗೆ ಇಷ್ಟೊಂದು ಮಹತ್ವ ಏಕೆಂದು ಓದುಗರು ಕೇಳಬಹುದು. ವೊಸ್ಟೊಕ್ ನೌಕೆಯ ಗೋಳ ಯಾತ್ರಿಕನನ್ನು ಒಳಗಿಟ್ಟುಕೊಂಡು ಮೆಲ್ಲನೆ ನೆಲಕ್ಕಿಳಿಯುವಂತೆ ರಚಿತವಾಗಿರಲಿಲ್ಲ. ನೆಲದಿಂದ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಯಾತ್ರಿಕ ಆಸನಸಮೇತ ಹೊರಕ್ಕೆ ಚಿಮ್ಮಿ, ತನ್ನದೇ ಪ್ಯಾರಾಚೂಟಿನಲ್ಲಿ ಇಳಿಯಬೇಕಾಗಿತ್ತು. ಹೀಗಾಗಿ ವಿಮಾನ ನಡೆಸಲು ಬಾರದ ಗಿರಣಿ ಕಾರ್ಮಿಕಳಿಗೂ ಅವಕಾಶ ದೊರೆಯಿತು.

ನಾನೂರಕ್ಕೂ ಹೆಚ್ಚು ಮಂದಿಯನ್ನು ಪರಿಶೀಲಿಸಿ, 1962ರ ಆರಂಭದಲ್ಲಿ ಐವರನ್ನು ಆರಿಸಲಾಯಿತು. ಇಂಜಿನಿಯರ್ ಹಾಗೂ ವಿಮಾನ ಚಾಲಕಿಯಾಗಿದ್ದ ವ್ಯಾಲೆಂಟಿನಾ ಪೊನೊಮರ್ಯೋವಾ, ಪ್ಯಾರಾಚೂಟ್ ಕ್ರೀಡೆಯಲ್ಲಿ ಪರಿಣತೆಯಾಗಿದ್ದ ಇರಿನಾ ಸೊಲೊವ್ಯೋವಾ, ಹಳ್ಳಿಯ ಶಾಲೆಯ ಶಿಕ್ಷಕಿ ಜಾನ್ನಾ ಯೋರ್ಕಿನಾ, ಇವರೆಲ್ಲರಿಗಿಂತ ಕಿರಿಯಳಾದ ತತ್ಯಾನಾ ಕುಜ್ನೆತ್ಸೋವಾ, ಇವರೊಡನೆ ತೆರೆಷ್ಕೋವಾ. ಇವರ ಹೆಸರುಗಳನ್ನು ಜಗತ್ತಿನಿಂದ ಗುಟ್ಟಾಗಿಡಲಾಯಿತು. ತೆರೆಷ್ಕೋವಾ ತಾಯಿಯೊಡನೆಯೂ ಸತ್ಯವನ್ನು ಹೇಳುವಂತಿರಲಿಲ್ಲ. ಪ್ಯಾರಾಚೂಟ್ ಸ್ಪರ್ಧೆಗೆಂದು ಹೇಳಿಹೋದ ಮಗಳು ಆಕಾಶದಲ್ಲಿದ್ದಾಳೆಂಬುದು ತಾಯಿಗೆ ತಿಳಿದದ್ದು ಸರ್ಕಾರ ಸುದ್ದಿಯನ್ನು ಪ್ರಕಟಿಸಿದ ಮೇಲೆಯೇ ಎನ್ನುತ್ತಾರೆ.

ಅಗ್ನಿಪರೀಕ್ಷೆ

ತರಬೇತಿ ಕಠಿಣವಾಗಿತ್ತು. ದೇಹವನ್ನು ಗಿರಗಿರನೆ ತಿರುಗಿಸಿ ಅದರ ಭಾರವನ್ನು ಹಲವು ಪಟ್ಟು ಹೆಚ್ಚಿಸುವ ಯಂತ್ರ, ಬೆವರಿಳಿಸುವ ಉಷ್ಣಕೋಣೆ, ಹೊರಗಿನ ಸದ್ದೇ ಕೇಳಿಸದ ಏಕಾಂತ ಕೋಣೆಯ ವಾಸ, ಜೆಟ್ ವಿಮಾನದಲ್ಲಿ ಹಾರಾಟ, ನೂರಕ್ಕೂ ಹೆಚ್ಚು ಪ್ಯಾರಾಚೂಟ್ ಜಿಗಿತಗಳು. ಇವುಗಳ ಜೊತೆಗೆ ರಾಕೆಟ್ ಶಾಸ್ತ್ರ ಮತ್ತು ನೌಕೆಯ ರಚನೆಯ ಪಾಠಗಳು. ಉನ್ನತ ಶಿಕ್ಷಣ ಪಡೆದಿದ್ದ ಸಹಪಾಠಿಗಳ ನಡುವೆ ತೆರೆಷ್ಕೋವಾ ಅವರಿಗೆ ಈ ಪಾಠಗಳು ಸುಲಭವಾಗಿರಲಿಲ್ಲ. ಆದರೆ ಪಟ್ಟು ಬಿಡದ ಸ್ವಭಾವ ಅವರದು.

ಕೊನೆಯ ಆಯ್ಕೆಯಲ್ಲಿ ವಿದ್ಯಾರ್ಹತೆಯೊಂದೇ ಮಾನದಂಡವಾಗಲಿಲ್ಲ. ಯುದ್ಧದಲ್ಲಿ ಮಡಿದ ಸೈನಿಕನ ಮಗಳು, ಗಿರಣಿಯ ಕಾರ್ಮಿಕಳು, ಯುವಜನ ಸಂಘಟನೆಯ ಕಾರ್ಯಕರ್ತೆ, ಜನರೊಡನೆ ಬೆರೆತು ಮಾತನಾಡಬಲ್ಲವಳು: ಸೋವಿಯತ್ ನಾಯಕರು ಲೋಕಕ್ಕೆ ತೋರಿಸಬಯಸಿದ ಚಿತ್ರಕ್ಕೆ ತೆರೆಷ್ಕೋವಾ ಹೇಳಿಮಾಡಿಸಿದಂತಿದ್ದರು. ಅಂತಿಮ ಒಪ್ಪಿಗೆ ನಿಕಿತಾ ಕ್ರುಶ್ಚೇವರದೇ ಆಗಿತ್ತು. ಮೊದಲಿಗೆ ಎರಡು ನೌಕೆಗಳಲ್ಲಿ ಇಬ್ಬರು ಮಹಿಳೆಯರನ್ನು ಕಳಿಸುವ ಆಲೋಚನೆಯಿತ್ತು. ಕೊನೆಗೆ ಒಂದರಲ್ಲಿ ಪುರುಷ, ಇನ್ನೊಂದರಲ್ಲಿ ಮಹಿಳೆ ಎಂದು ತೀರ್ಮಾನವಾಯಿತು. ಪೊನೊಮರ್ಯೋವಾ ಮತ್ತು ಸೊಲೊವ್ಯೋವಾ ಬದಲಿ ಯಾತ್ರಿಗಳಾಗಿ ಉಳಿದರು.

ಎಪ್ಪತ್ತು ಗಂಟೆ, ಐವತ್ತು ನಿಮಿಷ

1963ರ ಜೂನ್ 14ರಂದು ವಲೇರಿ ಬಿಕೋವ್ಸ್ಕಿ ವೊಸ್ಟೊಕ್-5ರಲ್ಲಿ ಹಾರಿದರು. ಎರಡು ದಿನಗಳ ಬಳಿಕ, ಜೂನ್ 16ರಂದು, ಬೈಕೊನೂರ್ ಕೇಂದ್ರದಿಂದ ವೊಸ್ಟೊಕ್-6 ಮೇಲೇರಿತು. ಒಳಗಿದ್ದವರು ತೆರೆಷ್ಕೋವಾ. ರೇಡಿಯೋ ಸಂಭಾಷಣೆಗಾಗಿ ಅವರಿಗಿಟ್ಟ ಹೆಸರು ‘ಚಾಯ್ಕಾ’. ರಷ್ಯನ್ ಭಾಷೆಯಲ್ಲಿ ಅದು ಕಡಲಹಕ್ಕಿಯ ಹೆಸರು. ವೋಲ್ಗಾ ಸೀಮೆಯ ಹುಡುಗಿಗೆ ಎಷ್ಟು ಒಪ್ಪುವ ಹೆಸರು!

ಎರಡು ನೌಕೆಗಳೂ ಒಂದು ಹಂತದಲ್ಲಿ ಸುಮಾರು 5 ಕಿಲೋಮೀಟರ್ ಅಂತರಕ್ಕೆ ಬಂದವು. ಯಾತ್ರಿಗಳಿಬ್ಬರೂ ರೇಡಿಯೋದಲ್ಲಿ ಮಾತನಾಡಿಕೊಂಡರು. ಹತ್ತಿರ ಹತ್ತಿರ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತ, ಹಗಲು ಇರುಳುಗಳು ಬೇಗ ಬೇಗ ಸರಿಯುವುದನ್ನು ಕಾಣುತ್ತ ತೆರೆಷ್ಕೋವಾ ಮೂರು ದಿನ ಕಳೆದರು. ಅಷ್ಟು ಹೊತ್ತೂ ಅವರು ಭಾರವಾದ ಅಂತರಿಕ್ಷ ಉಡುಪಿನೊಳಗೆ, ಆಸನಕ್ಕೆ ಬಿಗಿದ ಪಟ್ಟಿಗಳ ನಡುವೆಯೇ ಇದ್ದರು. ನೌಕೆಯ ಗೋಳದ ವ್ಯಾಸ 2.3 ಮೀಟರ್ ಮಾತ್ರ. ಮೊಣಕಾಲಿನ ಕೆಳಗೆ ನೋವು, ಶಿರಸ್ತ್ರಾಣದ ಒತ್ತಡ, ಹೊಟ್ಟೆಗೆ ಒಗ್ಗದ ಆಹಾರ. ಹಲ್ಲುಜ್ಜುವ ಪೇಸ್ಟ್ ಇಟ್ಟಿದ್ದವರು ಬ್ರಷ್ ಇಡಲು ಮರೆತಿದ್ದರೆಂದು ಅವರು ಮುಂದೆ ನಗುತ್ತ ನೆನಪಿಸಿಕೊಂಡದ್ದುಂಟು. ಈ ಕಷ್ಟಗಳ ನಡುವೆಯೂ ಅವರು ದಿನಚರಿ ಬರೆದರು, ಭೂಮಿಯ ಅಂಚಿನ ಛಾಯಾಚಿತ್ರಗಳನ್ನು ತೆಗೆದರು. ವಾಯುಮಂಡಲದಲ್ಲಿ ತೇಲುವ ಸೂಕ್ಷ್ಮ ಕಣಗಳ ಪದರಗಳನ್ನು ಗುರುತಿಸಲು ಆ ಚಿತ್ರಗಳು ವಿಜ್ಞಾನಿಗಳಿಗೆ ನೆರವಾದವು.

ಈ ಯಾನದಲ್ಲಿ ಪ್ರಾಣಕ್ಕೇ ಕುತ್ತು ತರಬಹುದಾಗಿದ್ದ ಪ್ರಸಂಗವೊಂದು ನಡೆಯಿತು. ಭೂಮಿಗೆ ಮರಳುವಾಗ ನೌಕೆ ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದನ್ನು ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಮೊದಲೇ ಅಳವಡಿಸಲಾಗಿತ್ತು. ಅದು ತಪ್ಪಾಗಿತ್ತು. ಆ ದಿಕ್ಕಿನಲ್ಲಿ ಎಂಜಿನ್ ಉರಿದಿದ್ದರೆ ನೌಕೆ ಭೂಮಿಗಿಳಿಯುವ ಬದಲು ಇನ್ನಷ್ಟು ಮೇಲಕ್ಕೇರಿಬಿಡುತ್ತಿತ್ತು. ಇದನ್ನು ಗುರುತಿಸಿ ನೆಲದ ಕೇಂದ್ರಕ್ಕೆ ತಿಳಿಸಿದವರು ಸ್ವತಃ ತೆರೆಷ್ಕೋವಾ. ಹೊಸ ಲೆಕ್ಕಗಳು ಬಂದವು, ದೋಷ ಸರಿಹೋಯಿತು. ಈ ವಿಷಯವನ್ನು ಯಾರಿಗೂ ಹೇಳಬಾರದೆಂದು ನೌಕೆಯ ಮುಖ್ಯ ವಿನ್ಯಾಸಕ ಸೆರ್ಗೇಯ್ ಕೊರೊಲ್ಯೋವ್ ಕೇಳಿಕೊಂಡರು. ತೆರೆಷ್ಕೋವಾ ಒಪ್ಪಿದರು. ತಪ್ಪು ಮಾಡಿದ ತಂತ್ರಜ್ಞನೇ ಮುಂದೆ ಬಾಯಿ ಬಿಡುವವರೆಗೆ, ದಶಕಗಳ ಕಾಲ, ತಾವು ಮಾತಿಗೆ ತಪ್ಪಲಿಲ್ಲವೆಂದು ಅವರು ಹೇಳಿದ್ದಾರೆ. ಆ ಮೌನ ಅವರಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಮುಂದೆ ನೋಡೋಣ.

ಜೂನ್ 19ರಂದು ಅವರು ಅಲ್ತಾಯ್ ಪ್ರಾಂತದಲ್ಲಿ ಪ್ಯಾರಾಚೂಟಿನ ನೆರವಿನಿಂದ ನೆಲ ಮುಟ್ಟಿದರು. ಮುಖಕ್ಕೆ ಪೆಟ್ಟಾಗಿತ್ತು. ಓಡಿಬಂದ ಹಳ್ಳಿಗರು ಪ್ರೀತಿಯಿಂದ ಕೊಟ್ಟ ಊಟವನ್ನು ಉಂಡು, ನೌಕೆಯಲ್ಲಿ ಉಳಿದ ಆಹಾರವನ್ನು ಅವರಿಗೆ ಹಂಚಿಬಿಟ್ಟರು. ವೈದ್ಯರ ತಪಾಸಣೆಗೆ ಮುನ್ನ ಹೀಗೆ ಮಾಡಿದ್ದು ನಿಯಮಕ್ಕೆ ವಿರುದ್ಧವೆಂದು ಅಧಿಕಾರಿಗಳು ಮುನಿದರು. ಹಸಿದು ಬಂದವರಿಗೆ ಉಣಬಡಿಸುವುದನ್ನೇ ಧರ್ಮವೆಂದು ತಿಳಿದಿರುವ ನಮಗೆ ಆ ಹಳ್ಳಿಗರ ಮೇಲೂ ಈ ಹೆಣ್ಣುಮಗಳ ಮೇಲೂ ಅಕ್ಕರೆ ಹುಟ್ಟದಿರದು.

ಒಟ್ಟು 70 ಗಂಟೆ 50 ನಿಮಿಷ, 48 ಪ್ರದಕ್ಷಿಣೆ. ಅಮೆರಿಕದ ಮರ್ಕ್ಯುರಿ ಯೋಜನೆಯ ಆರು ಮಂದಿ ಯಾತ್ರಿಗಳು ಅದುವರೆಗೆ ಒಟ್ಟಾರೆಯಾಗಿ ಅಂತರಿಕ್ಷದಲ್ಲಿ ಕಳೆದ ಕಾಲಕ್ಕಿಂತ ಈ ಗಿರಣಿಯ ಮಗಳೊಬ್ಬಳೇ ಕಳೆದ ಕಾಲ ಹೆಚ್ಚು. ಜೊತೆಗಾರರಿಲ್ಲದೆ ಏಕಾಂಗಿಯಾಗಿ ಭೂಮಿಯನ್ನು ಸುತ್ತಿಬಂದ ಮಹಿಳೆ ಇಂದಿಗೂ ಅವರೊಬ್ಬರೇ.

ಕೀರ್ತಿ ಮತ್ತು ಅಪವಾದ

ಮರಳಿದವರನ್ನು ಲೋಕ ತಲೆಯ ಮೇಲೆ ಹೊತ್ತು ಮೆರೆಸಿತು. ‘ಸೋವಿಯತ್ ಒಕ್ಕೂಟದ ವೀರ’ ಪದವಿ ದೊರೆಯಿತು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರನ್ನೂ, ಒಂದು ಕ್ಷುದ್ರಗ್ರಹಕ್ಕೆ ‘ಚಾಯ್ಕಾ’ ಎಂಬ ಹೆಸರನ್ನೂ ಇಡಲಾಯಿತು. 1963ರ ನವೆಂಬರಿನಲ್ಲಿ ಗಗನಯಾತ್ರಿ ಆಂಡ್ರಿಯಾನ್ ನಿಕೊಲಾಯೆವ್ ಅವರೊಡನೆ ವಿವಾಹವಾಯಿತು. ಅದೇ ತಿಂಗಳು ನಿಕೊಲಾಯೆವ್ ಮತ್ತು ಬಿಕೋವ್ಸ್ಕಿ ಅವರೊಡನೆ ಭಾರತಕ್ಕೂ ಬಂದಿದ್ದರು. ಮರುವರ್ಷ ಜೂನ್‌ನಲ್ಲಿ ಹುಟ್ಟಿದ ಮಗಳು ಎಲೆನಾ, ತಂದೆ ತಾಯಿ ಇಬ್ಬರೂ ಅಂತರಿಕ್ಷ ಕಂಡುಬಂದ ಮೊದಲ ಮಗು. ಆಕೆ ಮುಂದೆ ವೈದ್ಯೆಯಾದರು. ದಾಂಪತ್ಯ ಮಾತ್ರ ಬಾಳಲಿಲ್ಲ. 1982ರಲ್ಲಿ ವಿಚ್ಛೇದನವಾಯಿತು. ಬಳಿಕ ಕೈಹಿಡಿದ ವೈದ್ಯ ಯೂಲಿ ಶಾಪೊಶ್ನಿಕೊವ್ 1999ರಲ್ಲಿ ತೀರಿಕೊಂಡರು.

ಹೊರಗೆ ಜಯಕಾರ ಮೊಳಗುತ್ತಿದ್ದಾಗ ಒಳಗೆ ಅಪವಾದದ ಮಾತುಗಳೂ ಹರಿದಾಡಿದವು. ಆಕೆ ಬಳಲಿದ್ದರು, ಒಪ್ಪಿಸಿದ ಪ್ರಯೋಗಗಳನ್ನೆಲ್ಲ ಪೂರೈಸಲಿಲ್ಲ, ನೌಕೆಯನ್ನು ಕೈಯಾರೆ ತಿರುಗಿಸಲು ಮೊದಲ ಪ್ರಯತ್ನದಲ್ಲಿ ಸಾಧ್ಯವಾಗಲಿಲ್ಲ ಎಂದು ಕೆಲವು ಅಧಿಕಾರಿಗಳೂ ವೈದ್ಯರೂ ಬರೆದರು. ಮೂರನೆಯ ದಿನ ಅವರು ನೌಕೆಯನ್ನು ಸರಿಯಾಗಿ ನಿಯಂತ್ರಿಸಿ ತೋರಿಸಿದ್ದರು. ಅಸ್ವಸ್ಥರಾಗಿದ್ದರೆಂಬ ಮಾತನ್ನು ಅವರು ಒಪ್ಪಲಿಲ್ಲ. ಆದರೆ ತಮ್ಮ ಸಮಯಪ್ರಜ್ಞೆಗೆ ಸಾಕ್ಷಿಯಾಗಬಹುದಾಗಿದ್ದ ಆ ತಾಂತ್ರಿಕ ದೋಷದ ಸಂಗತಿಯನ್ನು ಹೇಳುವಂತಿರಲಿಲ್ಲ. ಕೊಟ್ಟ ಮಾತು ನಾಲಗೆಯನ್ನು ಕಟ್ಟಿಹಾಕಿತ್ತು. ಒಬ್ಬ ಪುರುಷ ಯಾತ್ರಿ ಬಳಲಿದರೆ ಆತ ಬಳಲಿದನೆನ್ನುತ್ತಾರೆ. ಒಬ್ಬ ಮಹಿಳೆ ಬಳಲಿದರೆ ಮಹಿಳೆಯರಿಗೆ ಇದು ಆಗದ ಕೆಲಸವೆನ್ನುತ್ತಾರೆ. ಈ ಮಾತು ಅಂದಿನ ರಷ್ಯಾಕ್ಕೆ ಎಷ್ಟು ಸತ್ಯವೋ ಇಂದಿನ ನಮ್ಮ ಕಚೇರಿ, ಕಾಲೇಜುಗಳಿಗೂ ಅಷ್ಟೇ ಸತ್ಯ.

ಅಪವಾದಕ್ಕೆ ತೆರೆಷ್ಕೋವಾ ಕೊಟ್ಟ ಉತ್ತರ ವಿದ್ಯೆ. ಜಗದ್ವಿಖ್ಯಾತರಾದ ಮೇಲೂ ಅವರು ವಿದ್ಯಾರ್ಥಿನಿಯಾಗಿ ಕುಳಿತರು. ಝುಕೋವ್ಸ್ಕಿ ವಾಯುಸೇನಾ ಇಂಜಿನಿಯರಿಂಗ್ ಅಕಾಡೆಮಿಯಿಂದ 1969ರಲ್ಲಿ ಪದವಿ ಪಡೆದರು, ಮುಂದೆ ತಾಂತ್ರಿಕ ವಿಜ್ಞಾನದಲ್ಲಿ ಸಂಶೋಧನಾ ಪದವಿಯನ್ನೂ ಗಳಿಸಿದರು. 1968ರಿಂದ 1987ರವರೆಗೆ ಸೋವಿಯತ್ ಮಹಿಳಾ ಸಮಿತಿಯ ಅಧ್ಯಕ್ಷೆಯಾಗಿದ್ದರು. 1975ರಲ್ಲಿ ಮೆಕ್ಸಿಕೋದಲ್ಲಿ ನಡೆದ ವಿಶ್ವ ಮಹಿಳಾ ಸಮ್ಮೇಳನಕ್ಕೆ ತಮ್ಮ ದೇಶದ ನಿಯೋಗದ ಮುಖ್ಯಸ್ಥೆಯಾಗಿ ಹೋದರು. 1997ರಲ್ಲಿ ವಾಯುಸೇನೆಯಿಂದ ನಿವೃತ್ತರಾದಾಗ ಅವರು ಮೇಜರ್ ಜನರಲ್.

ನಿಮಗೆ ದೇಶ ಏನು ಕೊಡಬೇಕೆಂದು ಕೇಳಿದಾಗ, ತಂದೆ ಮಡಿದ ಜಾಗವನ್ನು ಹುಡುಕಿಸಿಕೊಡಿ ಎಂದು ಅವರು ಕೇಳಿಕೊಂಡರೆಂಬ ಸಂಗತಿ ಪ್ರಸಿದ್ಧವಾಗಿದೆ. ಫಿನ್ಲೆಂಡ್ ಗಡಿಯ ಸೀಮೆಯಲ್ಲಿ ಆ ಜಾಗ ಪತ್ತೆಯಾಗಿ, ಅಲ್ಲೊಂದು ಸ್ಮಾರಕ ನಿಂತಿದೆ. ಚಂದ್ರನ ಮೇಲೆ ಹೆಸರು ಬರೆಸಿಕೊಂಡ ಮಗಳಿಗೂ ತಂದೆಯ ಮಣ್ಣು ದೊಡ್ಡದಾಗಿ ಕಂಡಿತು.

ಅವರ ಬದುಕಿನ ಎಲ್ಲ ನಡೆಗಳೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. 2011ರಲ್ಲಿ ರಷ್ಯಾದ ಸಂಸತ್ತಿಗೆ ಆಯ್ಕೆಯಾದ ಅವರು, 2020ರ ಮಾರ್ಚ್‌ನಲ್ಲಿ ಅಧ್ಯಕ್ಷ ಪುಟಿನ್ ಮತ್ತೆ ಸ್ಪರ್ಧಿಸಲು ದಾರಿ ಮಾಡಿಕೊಡುವ ಸಂವಿಧಾನ ತಿದ್ದುಪಡಿಯನ್ನು ಮುಂದಿಟ್ಟು ಟೀಕೆಗೆ ಗುರಿಯಾದರು. ದೊಡ್ಡವರನ್ನು ದೇವರನ್ನಾಗಿ ಮಾಡದೆ, ಅವರ ಸಾಧನೆಯನ್ನು ಸಾಧನೆಯಾಗಿ, ವಿವಾದವನ್ನು ವಿವಾದವಾಗಿ ನೋಡುವುದೇ ಲೇಸು.

ಮತ್ತೆ ಮುಚ್ಚಿದ ಬಾಗಿಲು

ಈಗ ನಾವು ಮುಖ್ಯ ವಿಷಯಕ್ಕೆ ಬರೋಣ. ತೆರೆಷ್ಕೋವಾ ಹಾರಿದ ಮೇಲೆ ಉಳಿದ ನಾಲ್ವರು ಏನಾದರು? ಅವರಲ್ಲಿ ಒಬ್ಬರೂ ಅಂತರಿಕ್ಷಕ್ಕೆ ಹೋಗಲಿಲ್ಲ. ವರ್ಷಗಟ್ಟಲೆ ಸಿದ್ಧತೆ ನಡೆಸಿದ ಆ ತಂಡವನ್ನು 1969ರಲ್ಲಿ ವಿಸರ್ಜಿಸಲಾಯಿತು. ‘ಪ್ರಥಮ ಮಹಿಳೆ’ ಎಂಬ ಕೀರ್ತಿ ದೇಶಕ್ಕೆ ದಕ್ಕಿಯಾಗಿತ್ತು. ಎರಡನೆಯ ಮಹಿಳೆಯ ಅಗತ್ಯ ಯಾರಿಗೂ ಕಾಣಲಿಲ್ಲ. ಸ್ವೆತ್ಲಾನಾ ಸವಿತ್ಸ್ಕಾಯಾ ಎರಡನೆಯವರಾಗಿ ಮೇಲೇರಿದ್ದು 1982ರ ಆಗಸ್ಟ್‌ನಲ್ಲಿ, 19 ವರ್ಷಗಳ ಬಳಿಕ. ನುರಿತ ವಿಮಾನ ಚಾಲಕಿಯಾದ ಆಕೆಯನ್ನು ಅಂತರಿಕ್ಷ ನಿಲ್ದಾಣದಲ್ಲಿ ಎದುರುಗೊಂಡ ಪುರುಷ ಯಾತ್ರಿ, ಅಡುಗೆಮನೆಯಲ್ಲಿ ಉಡುವ ಏಪ್ರನ್ ತಯಾರಿದೆಯೆಂದು ತಮಾಷೆ ಮಾಡಿದ ಸುದ್ದಿ ಅಂದಿನ ಪತ್ರಿಕೆಗಳಲ್ಲಿ ಬಂದಿತ್ತು. ಬಾನಿಗೇರಿದರೂ ಅಡುಗೆಮನೆ ಬೆನ್ನು ಬಿಡಲಿಲ್ಲ! ಎರಡು ವರ್ಷಗಳ ಬಳಿಕ ಅದೇ ಸವಿತ್ಸ್ಕಾಯಾ ನೌಕೆಯಿಂದ ಹೊರಬಂದು ಬಯಲಿನಲ್ಲಿ ಕೆಲಸ ಮಾಡಿದ ಮೊದಲ ಮಹಿಳೆಯಾಗಿ ತಮಾಷೆಗೆ ಉತ್ತರ ಕೊಟ್ಟರು. 1963ರಿಂದ 2022ರವರೆಗಿನ ಸುಮಾರು 60 ವರ್ಷಗಳಲ್ಲಿ ಆ ನಾಡಿನ ವೃತ್ತಿನಿರತ ಮಹಿಳಾ ಗಗನಯಾತ್ರಿಗಳಲ್ಲಿ ಅಂತರಿಕ್ಷ ಕಂಡವರು ಐವರು ಮಾತ್ರ.

ಅಮೆರಿಕದ ಕಥೆಯೂ ಭಿನ್ನವಲ್ಲ. 1960-61ರಲ್ಲಿ ವೈದ್ಯ ರ್‍ಯಾಂಡಾಲ್ಫ್ ಲವ್‌ಲೇಸ್ ಅವರು ಖಾಸಗಿಯಾಗಿ ನಡೆಸಿದ ಪರೀಕ್ಷೆಗಳಲ್ಲಿ ಜೆರ್ರಿ ಕಾಬ್ ಸೇರಿದಂತೆ 13 ಮಂದಿ ವಿಮಾನ ಚಾಲಕಿಯರು ತೇರ್ಗಡೆಯಾದರು. ಆದರೆ ನಾಸಾ ಸಂಸ್ಥೆ, ಜೆಟ್ ವಿಮಾನಗಳ ಪರೀಕ್ಷಾ ಚಾಲಕರಾಗಿದ್ದವರು ಮಾತ್ರ ಅರ್ಹರೆಂದಿತು. ಸೈನ್ಯದಲ್ಲಿ ಆ ಕೆಲಸಕ್ಕೆ ಮಹಿಳೆಯರನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಮನೆಯ ಬಾಗಿಲು ತೆರೆದಿದೆ, ಆದರೆ ಅಂಗಳಕ್ಕೆ ಕಾಲಿಡುವಂತಿಲ್ಲ ಎಂದಂತಾಯಿತು. 1962ರ ಜುಲೈನಲ್ಲಿ ಅಮೆರಿಕದ ಸಂಸತ್ ಸಮಿತಿ ವಿಚಾರಣೆ ನಡೆಸಿದರೂ ಫಲ ದೊರೆಯಲಿಲ್ಲ. ಸ್ಯಾಲಿ ರೈಡ್ ಹಾರಿದ್ದು 1983ರ ಜೂನ್ 18ರಂದು, ತೆರೆಷ್ಕೋವಾ ಹಾರಿದ ಇಪ್ಪತ್ತು ವರ್ಷಗಳಿಗೆ. ಆ ಹದಿಮೂರು ಮಂದಿಯಲ್ಲಿ ವಾಲಿ ಫಂಕ್ ಎಂಬವರು ಕೊನೆಗೂ ಅಂತರಿಕ್ಷದ ಅಂಚನ್ನು ಮುಟ್ಟಿಬಂದಾಗ, 2021ರಲ್ಲಿ, ಅವರಿಗೆ 82 ವರ್ಷ.

ನಮ್ಮ ನಾಡು, ನಮ್ಮ ಮನೆ

ದೂರದ ದೇಶಗಳ ತಪ್ಪನ್ನು ಎಣಿಸಿ ಸುಮ್ಮನಾಗುವುದು ಸುಲಭ. ನಮ್ಮ ಗಗನಯಾನ ಯೋಜನೆಗೆ ಬೆಂಗಳೂರಿನ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ ತಪಾಸಣೆ ನಡೆದು ಆಯ್ಕೆಯಾದ ನಾಲ್ವರ ಹೆಸರನ್ನು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದಾಗ ಅವರೆಲ್ಲರೂ ಪುರುಷರೇ ಆಗಿದ್ದರು. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದದ್ದು ನಮಗೆಲ್ಲ ಅಭಿಮಾನದ ವಿಷಯ. ಮಹಿಳೆಯರು ಏಕಿಲ್ಲವೆಂದರೆ, ಆಯ್ಕೆ ನಡೆದದ್ದು ವಾಯುಸೇನೆಯ ಪರೀಕ್ಷಾ ಚಾಲಕರ ಸಾಲಿನಿಂದ. ಆ ಸಾಲಿನಲ್ಲಿ ಆಗ ಮಹಿಳೆಯರಿರಲಿಲ್ಲ. ನಮ್ಮ ವಾಯುಸೇನೆಯ ಯುದ್ಧವಿಮಾನಗಳಿಗೆ ಮೊದಲ ಮೂವರು ಮಹಿಳೆಯರು ನಿಯುಕ್ತರಾದದ್ದೇ 2016ರಲ್ಲಿ. ಅರವತ್ತು ವರ್ಷಗಳ ಹಿಂದೆ ಅಮೆರಿಕದ ಅಂಗಳದಲ್ಲಿ ಕಂಡ ಬೇಲಿಯೇ ನಮ್ಮ ಅಂಗಳದಲ್ಲೂ ಕಂಡಿತು. ಮಾನವರಹಿತ ಹಾರಾಟಕ್ಕೆಂದು ಇಸ್ರೋ ರೂಪಿಸಿ, 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದ ‘ವ್ಯೋಮಮಿತ್ರ’ ಯಂತ್ರಕ್ಕೆ ಹೆಣ್ಣಿನ ರೂಪ ಕೊಟ್ಟಿದ್ದಾರೆ. ಸಂತೋಷ. ಆ ಆಸನದಲ್ಲಿ ನಿಜವಾದ ಹೆಣ್ಣುಮಗಳು ಕುಳಿತ ದಿನ ನಮ್ಮ ಸಂತೋಷ ಪೂರ್ಣವಾಗುತ್ತದೆ.

ಆ ಮಗಳು ಎಲ್ಲಿಂದ ಬರಬೇಕು? ನಮ್ಮ ನಿಮ್ಮ ಮನೆಗಳಿಂದಲೇ ಬರಬೇಕು. ಹುಟ್ಟಿದ ಮಗು ಗಂಡಾಗಲಿ ಹೆಣ್ಣಾಗಲಿ, ನಾವು ಕೊರಳಿಗೆ ಕಟ್ಟುವ ಇಷ್ಟಲಿಂಗ ಒಂದೇ. ಅಲ್ಲಿ ಭೇದವೆಣಿಸದ ನಾವು, ಎಸ್ಸೆಸ್ಸೆಲ್ಸಿ ಮುಗಿದೊಡನೆ ಮಗನಿಗೊಂದು ದಾರಿ, ಮಗಳಿಗೊಂದು ದಾರಿ ಎಂದು ಏಕೆ ಎಣಿಸಬೇಕು? ಗಣಿತದಲ್ಲಿ ಮುಂದಿರುವ ಮಗಳಿಗೆ ಊರು ಬಿಟ್ಟು ಓದುವುದು ಬೇಡವೆನ್ನುವುದು, ಓದು ಮುಗಿಯುವ ಮೊದಲೇ ಮದುವೆಯ ಮಾತು ತೆಗೆಯುವುದು, ಮನೆಯ ಸೊಸೆ ಕೆಲಸಕ್ಕೆ ಹೊರಟರೆ ಹಿರಿಯರು ಮುಖ ಗಂಟಿಕ್ಕುವುದು, ಇವೆಲ್ಲ ಇನ್ನೂ ನಮ್ಮ ನಡುವಿನಿಂದ ಪೂರ್ತಿ ಮರೆಯಾಗಿಲ್ಲ. ಮಠಮಾನ್ಯಗಳು ಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ಕಟ್ಟಿ ವಿದ್ಯಾದಾಸೋಹ ನಡೆಸಿದ್ದರಿಂದ ಸಾವಿರಾರು ಬಡಮಕ್ಕಳು ಬೆಳಕು ಕಂಡರು. ಆ ದಾಸೋಹದಲ್ಲಿ ಹೆಣ್ಣುಮಕ್ಕಳ ಪಾಲು ಗಂಡುಮಕ್ಕಳಷ್ಟೇ ಆಗಿದೆಯೇ ಎಂದು ಪ್ರತಿಯೊಂದು ಊರಿನ ಸಮಾಜ ಬಾಂಧವರೂ ತಮ್ಮನ್ನು ತಾವು ಕೇಳಿಕೊಳ್ಳುವುದು ಒಳ್ಳೆಯದು.

ಒಬ್ಬ ಅಕ್ಕಮಹಾದೇವಿಯನ್ನು ಪೂಜಿಸಿ, ಮನೆಯ ಮಗಳ ಮಾತನ್ನು ತಡೆದರೆ ಅಕ್ಕನಿಗೆ ಸಂದ ಗೌರವ ಅದಲ್ಲ. ಒಬ್ಬ ತೆರೆಷ್ಕೋವಾರನ್ನು ಮೆರೆಸಿ, ಉಳಿದ ನಾಲ್ವರನ್ನು ಮನೆಗೆ ಕಳಿಸಿದ ಸೋವಿಯತ್ ನಾಯಕರು ಮಾಡಿದ್ದೂ ಇದನ್ನೇ. ಮೊದಲಿಗಳು ಬಾಗಿಲನ್ನು ತಟ್ಟಿ ತೆರೆಯುತ್ತಾಳೆ. ಅದು ಮುಚ್ಚದಂತೆ ಹಿಡಿದಿರುವ ಕೆಲಸ ಸಮಾಜದ್ದು. ಎರಡನೆಯವಳು, ಮೂರನೆಯವಳು, ನೂರನೆಯವಳು ಅದೇ ಬಾಗಿಲಲ್ಲಿ ನಿರಾಯಾಸವಾಗಿ ನಡೆದುಹೋಗಿ, ಅದು ಪತ್ರಿಕೆಯ ಸುದ್ದಿಯೇ ಆಗದಂತಹ ದಿನ ಬಂದಾಗ ಸಮಾನತೆ ಬಂದಿದೆಯೆಂದು ತಿಳಿಯಬಹುದು.

ಮಂಗಳ ಗ್ರಹಕ್ಕೆ ಹೋಗುವ ಅವಕಾಶ ಸಿಕ್ಕರೆ, ಮರಳಿ ಬರಲಾಗದಿದ್ದರೂ ಸರಿ, ಹೊರಡಲು ಸಿದ್ಧಳಿದ್ದೇನೆಂದು ತೆರೆಷ್ಕೋವಾ 2013ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಹೇಳಿದ್ದರು. ಆ ಉತ್ಸಾಹದ ಒಂದು ಕಿಡಿಯನ್ನು ನಮ್ಮ ಮನೆಯ ಹೆಣ್ಣುಮಕ್ಕಳ ಕಣ್ಣಲ್ಲಿ ಕಂಡ ದಿನ, ಅದನ್ನು ಆರಿಸದೆ ಕಾಪಾಡುವ ಬುದ್ಧಿಯನ್ನು ಬಸವಾದಿ ಶರಣರು ನಮಗೆಲ್ಲ ಕರುಣಿಸಲಿ.